ಕುಳ್ಳಿಯ ನಾಲ್ಕು ಎಳೆಗಳು

ನನ್ನ ತಂಗಿಯ ಗರ್ಭಕೋಶದ ಒಂದು ತುಂಡು ಆ ದಿನ ಬೆಳಿಗ್ಗೆ ಐಸ್ ತುಂಬಿದ ಡಬ್ಬಿಯಲ್ಲಿ ನನ್ನ ಟೇಬಲ್ ಮೇಲೆ ಬಂದು ಕೂತಿತು. ಉಗುರಿನಷ್ಟು ಅಗಲ, ಹಸಿ ಗುಲಾಬಿ ಬಣ್ಣ. ಡಬ್ಬಿಯ ಮೇಲೆ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ ಇತ್ತು. ಆದರೆ ಅವತ್ತು ಆಸ್ಪತ್ರೆಯಿಂದ ಬಂದದ್ದು ಅದೊಂದೇ ತುಂಡು, ಅವತ್ತು ಅಲ್ಲಿ ಸಿಸೇರಿಯನ್ ಆದದ್ದು ನನ್ನ ತಂಗಿಯೊಬ್ಬಳಿಗೇ. ಆ ಸಂಖ್ಯೆ ಯಾರಿಗೆ ಮಂಕುಬೂದಿ ಎರಚಬೇಕು?

ನನ್ನ ಕೆಲಸವೇ ಇದು. ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶದ ಸ್ನಾಯುವಿನೊಳಗೆ ಏನೇನು ಬದಲಾಗುತ್ತದೆ ಎಂದು ನೋಡುವುದು. ಸಿಸೇರಿಯನ್ ಮಾಡುವಾಗ, ತಾಯಿ ಮೊದಲೇ ಒಪ್ಪಿದ್ದರೆ, ಕೊಯ್ದ ಅಂಚಿನಿಂದ ಒಂದು ಚೂರು ಸ್ನಾಯು ತೆಗೆದು ನಮಗೆ ಕಳಿಸುತ್ತಾರೆ. ನಾವು ಅದನ್ನು ತೊಳೆದು, ಎಳೆಗಳಾಗಿ ಕತ್ತರಿಸಿ, ಮೈಬಿಸಿಯಷ್ಟು ಬೆಚ್ಚಗಿನ ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳಲ್ಲಿ ನೇತುಹಾಕುತ್ತೇವೆ. ಸ್ವಲ್ಪ ಹೊತ್ತಿಗೆ ಅದು ದೇಹವಿಲ್ಲದೆ, ತಾಯಿಯಿಲ್ಲದೆ, ತನ್ನ ಪಾಡಿಗೆ ತಾನು ಬಿಗಿದು ಸಡಿಲವಾಗತೊಡಗುತ್ತದೆ. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನನಗೆ ರೂಢಿಯಾಗಿಹೋಗಿದೆ. ಮನೆಗೆ ಬಂದವರು ದೊಡ್ಡವಳಿಗೆ ಏನು ಕೆಲಸ ಎಂದು ಕೇಳಿದರೆ ಅಮ್ಮ "ಲ್ಯಾಬಲ್ಲಿದಾಳೆ" ಎಂದು ಹೇಳಿ, ಅವರು ಮುಂದೆ ಕೇಳುವ ಮೊದಲೇ ಕಾಫಿ ತರಲು ಒಳಗೆ ಹೋಗುತ್ತಾಳೆ.

ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಕುಳ್ಳಿ ಎಂದು. ಚಿಕ್ಕಂದಿನಲ್ಲಿ ಕುಳ್ಳಿಯೇ ಆಗಿದ್ದಳು. ಆಮೇಲೆ ಯಾರ ಮೇಲೆ ಹಠ ಸಾಧಿಸಿದಳೋ, ನೋಡನೋಡುತ್ತ ನನಗಿಂತ ಒಂದು ತಲೆ ಎತ್ತರವಾದಳು. ಹೆಸರು ಮಾತ್ರ ಬೆಳೆಯಲಿಲ್ಲ. ಅವಳು ಕಾರು ಓಡಿಸುವುದನ್ನು ಕಲಿಸುತ್ತಾಳೆ. ಕಲಿಯುವವರು ಅವಳೆಂದರೆ ಗಡಗಡ ನಡುಗುತ್ತಾರೆ. ಯಾರಾದರೂ ಕ್ಲಚ್ ಬೇಗ ಬಿಟ್ಟು ನಡುರಸ್ತೆಯಲ್ಲಿ ಕಾರು ನಿಲ್ಲಿಸಿದರೆ, ಹಿಂದಿನಿಂದ ಎಷ್ಟೇ ಹಾರ್ನ್ ಹೊಡೆಯಲಿ, ಇವಳು ಕೈಕಟ್ಟಿ ಕೂತು ಕೇಳುತ್ತಾಳೆ: "ಇಂಜಿನ್ ತಪ್ಪಾ, ಡ್ರೈವರ್ ತಪ್ಪಾ?" ಅವರು "ಡ್ರೈವರ್ ತಪ್ಪು" ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಮತ್ತೆ ಕೀಲಿ ತಿರುಗಿಸಬೇಕು. ನಿಂತ ಕಾರಿಗೆ ಇಂಜಿನ್ ಕಾರಣ ಎಂದು ಅವಳು ಇಲ್ಲಿಯವರೆಗೆ ಒಪ್ಪಿದ್ದಿಲ್ಲ.

ಹಿಂದಿನ ದಿನ ಬೆಳಿಗ್ಗೆ ಅವಳಿಗೆ ನೋವು ಶುರುವಾಗಿತ್ತು. ಮೊದಲ ಹೆರಿಗೆ. ಮಧ್ಯಾಹ್ನದವರೆಗೆ ನಗುನಗುತ್ತಲೇ ಇದ್ದಳು. ಸಂಜೆಗೆ ನಗು ನಿಂತಿತು. ನೋವು ಏರುತ್ತ ಏರುತ್ತ ಒಂದು ಹಂತದಲ್ಲಿ ಅವಳು ಮಂಚದ ಕಂಬಿ ಹಿಡಿದು, "ಸಾಕು, ನಂಗೆ ಸಾಕು, ನಿಲ್ಲಿಸಿ" ಎಂದು ಅತ್ತಳು. ಹೆರುವವರೆಲ್ಲ ಅನ್ನುವ ಮಾತೇ ಅದು. ಆದರೆ ಅದಾದ ಸ್ವಲ್ಪ ಹೊತ್ತಿಗೆ ನೋವು ನಿಜವಾಗಿಯೂ ಇಳಿಯಿತು. ಬಿಗಿತ ಬರುವುದು ದೂರದೂರವಾಯಿತು. ದಾರಿ ಅರ್ಧ ತೆರೆದು ಅಲ್ಲಿಗೇ ನಿಂತುಹೋಯಿತು. ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಕೊಟ್ಟರು, ಏರಿಸಿದರು, ಕಾದರು. ಏನೂ ಆಗಲಿಲ್ಲ. ಬೆಳಗಾದ ಮೇಲೆ ಡಾಕ್ಟರು ಬಂದು, ಮಗುವಿನ ಎದೆಬಡಿತ ಕೇಳಿ, ಇನ್ನು ಕಾಯುವುದು ಬೇಡ ಎಂದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಕುಳ್ಳಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ತುಟಿ ಒಣಗಿತ್ತು.

"ಅಕ್ಕ, ನನ್ನ ತುಂಡು ನಿನ್ ಹತ್ರಾನೇ ಬರತ್ತಲ್ಲ. ಕೇಳಿ ನೋಡು. ನಾನು ಸಾಕು ಅಂದೆ, ಅದು ನಿಂತುಬಿಡ್ತು. ಇಂಜಿನ್ ತಪ್ಪೋ, ಡ್ರೈವರ್ ತಪ್ಪೋ, ನೀನೇ ಹೇಳ್ಬೇಕು."

"ಇಂಥ ಹೊತ್ತಲ್ಲಿ ಏನೇ ನಿಂದು" ಎಂದೆ.

"ಸುಳ್ಳು ಮಾತ್ರ ಹೇಳ್ಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗತ್ತೆ."

ಗಾಲಿಮಂಚ ಒಳಗೆ ಹೋಯಿತು. ಹೆಣ್ಣು ಮಗು, ಚೆನ್ನಾಗಿದೆ ಎಂದು ಹೊರಗೆ ಬಂದು ಹೇಳಿದರು. ನಾನು ಮಗುವನ್ನು ದೂರದಿಂದ ನೋಡಿ, ಅಮ್ಮನನ್ನೂ ತಂಗಿಯ ಗಂಡನನ್ನೂ ಅಲ್ಲಿ ಬಿಟ್ಟು ಲ್ಯಾಬಿಗೆ ಓಡಿದೆ. ತುಂಡು ನನಗಿಂತ ಮೊದಲೇ ಹೋಗಿ ಕಾಯುತ್ತಿತ್ತು.

ಮೊದಲ ಕೆಲಸ ತೊಳೆಯುವುದು. ತಣ್ಣನೆಯ ಉಪ್ಪುನೀರಿನಲ್ಲಿ ತುಂಡನ್ನು ಅಲುಗಿಸಿ, ರಕ್ತದ ಬಣ್ಣ ಹೋಗಿ ನೀರು ತಿಳಿಯಾಗುವವರೆಗೂ ಬದಲಿಸುತ್ತ ಇರಬೇಕು. ಕೊಳೆನೀರಿನ ಕ್ಯಾನಿಗೆ ಸುರಿಯುವುದು, ಹೊಸದು ತುಂಬುವುದು, ಮತ್ತೆ ಸುರಿಯುವುದು. ಕೈಗೆ ಗೊತ್ತಿರುವ ಕೆಲಸ, ತಲೆ ಬೇಕಾಗಿಲ್ಲ. ಆಮೇಲೆ ಕನ್ನಡಕದ ಮೇಲೆ ದಪ್ಪ ಭೂತಗನ್ನಡಿ ಇಟ್ಟುಕೊಂಡು ತುಂಡನ್ನು ನಾಲ್ಕು ತೆಳು ಎಳೆಗಳಾಗಿ ಕತ್ತರಿಸಿದೆ. ಪ್ರತಿ ಎಳೆಯ ಎರಡು ತುದಿಗೂ ರೇಷ್ಮೆ ದಾರ ಕಟ್ಟಿ, ಕೆಳಗಿನ ತುದಿಯನ್ನು ಗಾಜಿನ ಕೊಕ್ಕೆಗೆ, ಮೇಲಿನ ತುದಿಯನ್ನು ಎಳೆತ ಅಳೆಯುವ ಯಂತ್ರಕ್ಕೆ ಸಿಕ್ಕಿಸಿದೆ. ನೀರಿನೊಳಗೆ ಗುಳುಗುಳು ಎಂದು ಗಾಳಿಗುಳ್ಳೆ ಏಳತೊಡಗಿತು. ಪರದೆಯ ಮೇಲೆ ನಾಲ್ಕು ಗೆರೆಗಳು ಚಪ್ಪಟೆಯಾಗಿ ಹರಿಯುತ್ತಿದ್ದವು. ಇನ್ನು ಕಾಯಬೇಕು.

ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ನಾವು ಮೇಷ್ಟ್ರು ಎನ್ನುತ್ತೇವೆ. ಅವರು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದು ನನ್ನ ಹಿಂದೆ ನಿಂತರು.

"ಮನೆಯವರ ತುಂಡನ್ನ ನಾವೇ ಮುಟ್ಟೋದು ಬೇಡ ಅಂತ ನಾನು ಯಾವಾಗ್ಲೂ ಹೇಳ್ತಿರ್ತೀನಿ ಅಲ್ವೇನಮ್ಮ?"

"ಡಬ್ಬಿ ಮೇಲೆ ಸಂಖ್ಯೆ ಇದೆ ಸರ್. ಹೆಸರಿಲ್ಲ."

"ಹೌದೌದು. ನಿಮ್ಮ ಮುಖದ ಮೇಲೂ ಸಂಖ್ಯೇನೇ ಕಾಣ್ತಿದೆ" ಎಂದು ನನಗೊಂದು ಬಿಸ್ಕತ್ತು ಕೊಟ್ಟು ಹೋದರು. ಬೈದರೋ, ಬಿಟ್ಟುಕೊಟ್ಟರೋ ತಿಳಿಯಲಿಲ್ಲ.

ಆ ಸ್ನಾಯುವಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಬಸುರಿನ ತಿಂಗಳುಗಳಲ್ಲೆಲ್ಲ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅದನ್ನು ಸುಮ್ಮನಿರು ಎಂದು ಹಿಡಿದಿರುತ್ತದೆ. ಆಗ ಅದರ ಜೀವಕೋಶಗಳು ಒಂದಕ್ಕೊಂದು ಮುಖ ಕೊಟ್ಟು ಮಾತಾಡದ ನೆರೆಮನೆಯವರ ಹಾಗೆ ಇರುತ್ತವೆ. ಹೆರಿಗೆ ಹತ್ತಿರ ಬಂದಂತೆ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಪುಟ್ಟ ಪುಟ್ಟ ಕಿಂಡಿಗಳು ತೆರೆಯುತ್ತವೆ. ಆಕ್ಸಿಟೋಸಿನ್ ಬಂದು ಕೂರುವ ಜಾಗಗಳು ಕೋಶದ ಮೇಲೆ ಹತ್ತಾರು ಪಟ್ಟು ಹೆಚ್ಚುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಕಿಂಡಿಗಳಿರುವುದರಿಂದ ಆ ಸುದ್ದಿ ಕೋಶದಿಂದ ಕೋಶಕ್ಕೆ ಹರಡಿ, ಇಡೀ ಗರ್ಭಕೋಶ ಒಂದೇ ಮುಷ್ಟಿಯಾಗುತ್ತದೆ. ಕೇಳಲು ಎಷ್ಟು ಸಲೀಸು. ಆದರೆ ಮನುಷ್ಯರಲ್ಲಿ ಆ ಪ್ರೊಜೆಸ್ಟರಾನ್ ಹೆರಿಗೆಯ ಹೊತ್ತಿಗೂ ರಕ್ತದಲ್ಲಿ ಕಡಿಮೆಯಾಗುವುದೇ ಇಲ್ಲ. ಸುಮ್ಮನಿರು ಎನ್ನುವ ದನಿ ಹಾಗೇ ಇರುತ್ತದೆ, ಸ್ನಾಯು ಅದಕ್ಕೆ ಕಿವಿಗೊಡುವುದನ್ನು ಬಿಡುತ್ತದೆ. ಯಾಕೆ ಬಿಡುತ್ತದೆ, ಯಾವ ಗಳಿಗೆಯಲ್ಲಿ ಬಿಡುತ್ತದೆ ಎಂದು ಕೇಳಿದರೆ ಮೇಷ್ಟ್ರೂ ಬಿಸ್ಕತ್ತು ಹುಡುಕುತ್ತಾರೆ. ಶುರುವಾದದ್ದು ನಡುವೆ ಯಾಕೆ ನಿಲ್ಲುತ್ತದೆ ಎಂಬುದಂತೂ ಇನ್ನೂ ಗೋಜಲು.

ಮೊದಲ ಗೆರೆ ನಡುಗಿತು. ಸಣ್ಣ ಉಬ್ಬು. ಮತ್ತೆ ಚಪ್ಪಟೆ. ನಾನು ಕುರ್ಚಿ ಎಳೆದುಕೊಂಡೆ. ಎರಡನೆಯ ಉಬ್ಬು ಗುಡ್ಡದ ಹಾಗೆ ಎದ್ದು ಇಳಿಯಿತು. ಆಮೇಲೆ ಎರಡನೆಯ ಎಳೆ ಶುರು ಮಾಡಿತು, ನಾಲ್ಕನೆಯದು, ಕೊನೆಗೆ ಮೂರನೆಯದು. ಊಟದ ಹೊತ್ತಿಗೆ ನಾಲ್ಕೂ ಎಳೆಯುತ್ತಿದ್ದವು. ನಾನು ಇನ್ನೂ ಒಂದು ಹನಿ ಔಷಧಿ ಹಾಕಿರಲಿಲ್ಲ. ಅಂಥ ಎಳೆತ ನಾನು ನೋಡಿದ್ದು ಅಪರೂಪ. ಎತ್ತರ, ಗಟ್ಟಿ, ಕ್ರಮ ತಪ್ಪದ್ದು. ಮೇಷ್ಟ್ರು ಹಾದುಹೋಗುತ್ತಿದ್ದವರು ನಿಂತರು.

"ಆಹಾ, ಇದಪ್ಪ ಸ್ನಾಯು" ಎಂದರು. ಆಮೇಲೆ ಅದು ಯಾರದು ಎಂದು ನೆನಪಾಗಿ ಗಂಟಲು ಸರಿಮಾಡಿಕೊಂಡರು.

ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಇಷ್ಟು ಚೆನ್ನಾಗಿ ಎಳೆಯುವ ಸ್ನಾಯು ಅವಳ ಹೊಟ್ಟೆಯಲ್ಲಿ ಯಾಕೆ ನಿಂತಿತು? ಇದನ್ನು ಅವಳಿಗೆ ಹೇಗೆ ಹೇಳುವುದು? ಇಂಜಿನ್ ಚೆನ್ನಾಗಿದೆ ಕಣೆ ಎಂದರೆ ಅವಳಿಗೆ ಕೇಳಿಸುವುದು ಒಂದೇ, ತಪ್ಪು ಡ್ರೈವರದ್ದು ಎಂದು. ಇಂಜಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿದರೆ, ತನ್ನ ಮೈಯೇ ಕೆಲಸಕ್ಕೆ ಬಾರದ್ದು ಎಂದು ಜೀವಮಾನವಿಡೀ ನಂಬುತ್ತಾಳೆ. ಅದಕ್ಕೂ ಮೊದಲು ನನ್ನ ಮುಖ ನೋಡಿ ಸುಳ್ಳನ್ನು ಹಿಡಿದುಬಿಡುತ್ತಾಳೆ. ಯಾವ ಕಡೆ ತಿರುಗಿದರೂ ಅವಳಿಗೇ ಏಟು.

ಅಷ್ಟರಲ್ಲಿ ಅಮ್ಮನ ಫೋನು ಬಂತು.

"ಮಗೂನ ಎತ್ಕೊಳ್ಳಲ್ಲ ಅಂತಾಳೆ ಕಣೆ. ಹಾಲು ಕುಡಿಸು ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ಅದರ ಹತ್ರ ಒಂದು ಮಾತಾಡಿಲ್ಲ. ನಾನೇ ಚಮಚದಲ್ಲಿ ಹಾಕ್ತಿದೀನಿ."

"ಯಾಕಂತೆ?"

"ಅಕ್ಕ ಬಂದು ಹೇಳ್ಲಿ, ಆಮೇಲೆ ಅಂತಾಳೆ. ನೀನು ಏನು ಹೇಳ್ಬೇಕೇ? ನಾನು ಏನಂದೆ ಅಂತ, ನಿಮ್ಮಿಬ್ಬರನ್ನೂ ನಾನು ಆಪರೇಷನ್ ಇಲ್ದೇ ಹಾಗೇ ಹೆತ್ತೆನಲ್ಲ, ಇವಳಿಗೆ ಯಾಕೆ ಹೀಗಾಯ್ತೋ ಅಂದೆ, ಅಷ್ಟೇ."

"ಅಷ್ಟೇನಾ" ಎಂದೆ. ಅಮ್ಮನಿಗೆ ಕೆಟ್ಟ ಮನಸ್ಸಿಲ್ಲ, ಬಾಯಿಗೆ ಬಾಗಿಲಿಲ್ಲ. "ಇನ್ನೊಂದು ಸಲ ಅದನ್ನ ಹೇಳ್ಬೇಡಮ್ಮ. ನಾನು ಬರ್ತೀನಿ."

ಹೊರಡುವ ಮೊದಲು ತುಂಡು ತೊಳೆದ ಬಟ್ಟಲನ್ನು ಎತ್ತಿಡಲು ಹೋದೆ. ಅದರ ತಳದಲ್ಲಿ ಒಂದು ತೊಟ್ಟು ಗುಲಾಬಿ ನೀರು ಉಳಿದಿತ್ತು. ಬಟ್ಟಲನ್ನು ಮತ್ತೆ ಟೇಬಲ್ ಮೇಲಿಟ್ಟೆ. ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ತುಂಬಿಕೊಂಡರೆ ಬಿಗಿತ ಕುಗ್ಗುತ್ತದೆ. ಹೆರಿಗೆ ನಡುವೆ ನಿಲ್ಲುವುದಕ್ಕೆ ಅದೂ ಒಂದು ಕಾರಣ ಇರಬಹುದು ಎನ್ನುತ್ತಾರೆ. ಒಂದು ಹಗಲು ಒಂದು ರಾತ್ರಿ ದುಡಿದ ಸ್ನಾಯುವನ್ನು ನಾನು ಏನು ಮಾಡಿದೆ? ತಣ್ಣೀರಿನಲ್ಲಿ ತೊಳೆದು, ಅದರ ದಣಿವನ್ನೆಲ್ಲ ಕ್ಯಾನಿಗೆ ಸುರಿದು, ಸಕ್ಕರೆಯೂ ಬೆರೆಸಿದ ಬೆಚ್ಚನೆಯ ಉಪ್ಪುನೀರಿನಲ್ಲಿ ವಿಶ್ರಾಂತಿಗೆ ಬಿಟ್ಟು, ಈಗ ಹೇಳಪ್ಪ ನೀನು ಯಾಕೆ ನಿಂತೆ ಎಂದು ಕೇಳುತ್ತಿದ್ದೇನೆ. ಉತ್ತರ ಇದ್ದದ್ದೇ ಆ ಕೊಳೆನೀರಿನಲ್ಲಿ ಇರಬೇಕು.

ಅದೊಂದೇ ಅಲ್ಲ. ಪರದೆ ನೋಡಿದೆ. ನಾಲ್ಕು ಗೆರೆಗಳೂ ಚೆನ್ನಾಗಿ ಏಳುತ್ತಿದ್ದವು, ಆದರೆ ಒಂದು ಎದ್ದಾಗ ಇನ್ನೊಂದು ಮಲಗಿರುತ್ತಿತ್ತು. ಕತ್ತರಿಸಿದ ಮೇಲೆ ಎಳೆಯಿಂದ ಎಳೆಗೆ ಕಿಂಡಿ ಎಲ್ಲಿಂದ ಬರಬೇಕು, ಪ್ರತಿ ಎಳೆಯೂ ತನ್ನದೇ ತಾಳ ಹಿಡಿಯುತ್ತದೆ. ಅವಳ ಹೊಟ್ಟೆಯಲ್ಲೂ ಹೀಗೇ ಆಗಿತ್ತೇ? ಎಲ್ಲ ಕಡೆ ಬಲವಿದ್ದೂ ಒಟ್ಟಿಗೆ ಸೇರಲಿಲ್ಲವೇ? ಅಥವಾ ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಕೊಟ್ಟು ಕೊಟ್ಟು, ಅದು ಕೂರುವ ಜಾಗಗಳೇ ಒಳಗೆ ಸರಿದುಕೊಂಡವೇ? ಅಥವಾ ಅವಳು ಹೆದರಿದ್ದಕ್ಕೆ ಅಡ್ರಿನಲಿನ್ ಏರಿ ನಿಜವಾಗಿಯೂ ಸ್ನಾಯು ಹಿಂಜರಿಯಿತೇ? ಅದನ್ನೂ ಇಲ್ಲ ಎನ್ನುವಂತಿಲ್ಲ. ಕತ್ತರಿಸಿದ್ದರಿಂದ ಒಂದು ಉತ್ತರ ಹೋಯಿತು, ತೊಳೆದದ್ದರಿಂದ ಇನ್ನೊಂದು ಹೋಯಿತು.

"ಸರ್, ತೊಳೆಯದೇ ನೇತುಹಾಕಿದ್ರೆ?" ಎಂದು ಮೇಷ್ಟ್ರ ಕೋಣೆಗೆ ತಲೆ ಹಾಕಿ ಕೇಳಿದೆ.

"ತೊಳೆಯದೇ ಹ್ಯಾಗಮ್ಮ ನೇತುಹಾಕೋದು? ರಕ್ತ ಇರತ್ತಲ್ಲ."

"ಹಾಗಾದ್ರೆ ಇದು ಹೊಟ್ಟೆಯೊಳಗೆ ಏನು ಮಾಡ್ತಿತ್ತು ಅಂತ ನಮಗೆ ಹೇಗೆ ಗೊತ್ತಾಗತ್ತೆ?"

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಏನು ಮಾಡಬಲ್ಲದು ಅಂತ ಗೊತ್ತಾಗತ್ತೆ. ಏನು ಮಾಡಿತು ಅಂತ ಗೊತ್ತಾಗಲ್ಲ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅದರ ಬೆಳಕಿನಲ್ಲೇ ಆಸ್ಪತ್ರೆಯ ದಾರಿ ಹಿಡಿದೆ. ಎಳೆಗಳನ್ನು ಹಾಗೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಒಂದು ಸಿಗ್ನಲ್ಲಿನಲ್ಲಿ ಜೋಡಿಸಿದ್ದು ಮುಂದಿನ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಕಳಚಿ ಬೀಳುತ್ತಿತ್ತು.

ವಾರ್ಡಿನಲ್ಲಿ ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಕುಳ್ಳಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಗಂಡ ಏನೋ ತರಲು ಹೊರಗೆ ಹೋಗಿದ್ದ. ಅಮ್ಮನ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಮೂಗು ಥೇಟ್ ಕುಳ್ಳಿಯದೇ.

"ಬಂದ್ಯಾ" ಎಂದಳು ತಂಗಿ, ತಿರುಗದೆ. "ಹೇಳು. ಎಳೀತಾ?"

"ಎಳೀತು."

"ಹೇಗೆ?"

"ಚೆನ್ನಾಗಿ ಎಳೀತು."

"ಚೆನ್ನಾಗಿ ಅಂದ್ರೆ?"

ಅವಳು ತಲೆ ತಿರುಗಿಸಿ ನನ್ನ ಮುಖ ನೋಡಿದಳು. ಆ ನೋಟಕ್ಕೇ ಅವಳ ಹತ್ತಿರ ಕಲಿಯುವವರು ಹೆದರುವುದು.

"ತುಂಬ ಚೆನ್ನಾಗಿ" ಎಂದೆ.

"ಹಾಗಾದ್ರೆ ಇಂಜಿನ್ ಸರಿಯಿದೆ." ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. "ನಾನೇ. ನಾನೇ ಸಾಕು ಅಂದೆ. ಆ ಮಗು ಬರೋ ದಾರೀಲಿದ್ದಾಗ ನಾನು ಕೈ ಬಿಟ್ಟುಬಿಟ್ಟೆ."

"ಹಾಗಲ್ಲ ಕಣೆ."

"ಮತ್ತೆ ಹೇಗೆ? ನೀನು ಅದನ್ನೇ ಓದಿದವಳಲ್ವಾ, ಹೇಳು."

"ನಂಗೆ ಗೊತ್ತಿಲ್ಲ" ಎಂದೆ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಅದನ್ನ ಮೊದಲು ತೊಳೆದೆ. ತೊಳೆದ ಮೇಲೆ ಅದರ ದಣಿವೆಲ್ಲ ಹೋಯ್ತು. ಆಮೇಲೆ ಕತ್ತರಿಸಿದೆ. ಕತ್ತರಿಸಿದ ಮೇಲೆ ಅದು ಒಟ್ಟಿಗೆ ಕೆಲಸ ಮಾಡ್ತಿತ್ತೋ ಇಲ್ವೋ ಅಂತಾನೂ ಗೊತ್ತಾಗಲ್ಲ. ಯಾಕೆ ನಿಂತಿತು ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ ಕುಳ್ಳಿ."

"ಮತ್ತೆ ಇಷ್ಟು ವರ್ಷ ಏನು ಮಾಡ್ದೆ ಅಲ್ಲಿ?"

"ತೊಳೆದೆ, ಕತ್ತರಿಸಿದೆ" ಎಂದೆ.

ಅಮ್ಮ ನನ್ನನ್ನೂ ಅವಳನ್ನೂ ನೋಡಿ, ಏನೋ ಹೇಳಲು ಬಾಯಿ ತೆರೆದು, ಫೋನಿನಲ್ಲಿ ನಾನು ಹೇಳಿದ್ದು ನೆನಪಾಗಿ ಮುಚ್ಚಿಕೊಂಡಳು. ಅಮ್ಮನ ಜೀವನದಲ್ಲಿ ಇದು ಸಣ್ಣ ಸಂಗತಿಯಲ್ಲ.

ನರ್ಸು ಬಂದರು. ಬಾಣಂತಿಯ ಹೊಟ್ಟೆ ಒತ್ತಿ ನೋಡುವ ಹೊತ್ತು. ಹೊದಿಕೆ ಸರಿಸಿ, ಹೊಲಿಗೆಯ ಪಟ್ಟಿಯಿಂದ ಮೇಲೆ, ಹೊಕ್ಕುಳದ ಹತ್ತಿರ ಬೆರಳಿಟ್ಟು ಒತ್ತಿದರು. ಕುಳ್ಳಿ ಹಲ್ಲು ಕಚ್ಚಿದಳು.

"ಗಟ್ಟಿಯಾಗಿದೆ, ತುಂಬ ಒಳ್ಳೇದು" ಎಂದರು ನರ್ಸು.

"ನನ್ನ ಅಕ್ಕನಿಗೂ ತೋರಿಸಿ" ಎಂದಳು ಕುಳ್ಳಿ, ಕುಟುಕುವ ದನಿಯಲ್ಲಿ. "ಅವಳು ಇದರಲ್ಲೇ ದೊಡ್ಡ ಪಂಡಿತೆ."

ನರ್ಸು ನನ್ನ ಕೈ ಹಿಡಿದು ಅಲ್ಲಿಟ್ಟರು. ಹೇಳಲು ನಾಚಿಕೆಯಾಗುತ್ತದೆ, ಅಷ್ಟು ವರ್ಷಗಳಲ್ಲಿ ನಾನು ಗರ್ಭಕೋಶವನ್ನು ಇಡಿಯಾಗಿ ಮುಟ್ಟಿದ್ದು ಅದೇ ಮೊದಲು. ಚರ್ಮದ ಕೆಳಗೆ ಅದು ದುಂಡಗೆ, ಬಿಗಿದ ಮುಷ್ಟಿಯ ಹಾಗೆ ಕೂತಿತ್ತು. ಎಲ್ಲೂ ಮೆತ್ತಗಿರಲಿಲ್ಲ. ನನ್ನ ಬೆರಳಿನ ಕೆಳಗೆ ಇನ್ನಷ್ಟು ಗಟ್ಟಿಯಾಯಿತು.

"ಇದು ಕೆಲಸ ಮಾಡ್ತಿದೆ ಕಣೆ" ಎಂದೆ. "ಮಗು ಹೊರಗೆ ಬಂದ ಮೇಲೆ ಒಳಗೆ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡಿರತ್ವೆ. ಈ ಸ್ನಾಯು ಬಿಗಿದು ಅವನ್ನೆಲ್ಲ ಹಿಂಡಿ ಮುಚ್ಚುತ್ತೆ. ಇದು ಕೈಕೊಟ್ಟಿದ್ರೆ ನೀನು ಇಲ್ಲಿ ಮಲಗಿ ನನ್ನ ಜೊತೆ ಜಗಳ ಆಡ್ತಿರಲಿಲ್ಲ. ಬೆಳಿಗ್ಗೆಯಿಂದ ನಿನ್ನ ಜೀವ ಉಳಿಸ್ತಾ ಕೂತಿದೆ ಇದು."

"ಒಂದು ಹಗಲು ಒಂದು ರಾತ್ರಿ ದುಡಿದ ಮೇಲೂ?"

"ಆಮೇಲೂ."

ಅವಳು ತನ್ನ ಕೈಯನ್ನೂ ತಂದು ನನ್ನ ಕೈ ಪಕ್ಕ ಇಟ್ಟುಕೊಂಡಳು. ಮಗು ಎದ್ದು ಕುಂಯ್ ಎಂದಿತು. ನರ್ಸು ಬಾಣಂತಿಯನ್ನು ಕೇಳುವ ಗೋಜಿಗೇ ಹೋಗದೆ, ಅಮ್ಮನ ತೊಡೆಯಿಂದ ಮಗುವನ್ನೆತ್ತಿ ಅವಳ ಎದೆಗಿಟ್ಟರು. ಕುಳ್ಳಿ ಬೇಡ ಎನ್ನಲಿಲ್ಲ. ಮಗುವಿನ ಮುಖ ನೋಡಲೂ ಇಲ್ಲ, ಕಿಟಕಿಯನ್ನೇ ನೋಡುತ್ತಿದ್ದಳು. ಮಗು ತಡಕಾಡಿ, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅವಳು ಮುಖ ಕಿವುಚಿದಳು.

"ಅಕ್ಕ, ಕೆಳಗೆ ಹಿಂಡ್ತಿದೆ. ನಿನ್ನೆ ಬಂತಲ್ಲ, ಹಾಗೇ."

"ಮಗು ಚೀಪಿದ್ರೆ ಆಕ್ಸಿಟೋಸಿನ್ ಬರತ್ತೆ. ಅದೇ ಸ್ನಾಯು, ಅದೇ ಎಳೆತ."

"ಅಲ್ಲೂ ಎಳೀತಾನೇ ಇದ್ಯಾ, ನಿನ್ನ ಲ್ಯಾಬಲ್ಲಿ?"

"ನಾನು ಹೊರಡೋವಾಗ ಎಳೀತಿತ್ತು."

"ಅಂದ್ರೆ ಅದಕ್ಕೆ ಇನ್ನೂ ಗೊತ್ತೇ ಇಲ್ಲ, ಮಗು ಬಂತು ಅಂತ" ಎಂದಳು. ಆಮೇಲೆ ಕಿಟಕಿ ನೋಡುತ್ತಲೇ ಹೇಳಿದಳು, "ಪಾಪ. ಹೋಗಿ ಹೇಳು ಅದಕ್ಕೆ. ಮಗು ಬಂತಂತೆ, ಸಾಕಂತೆ ಅಂತ. ನಾನು ಹೇಳಿದೆ ಅನ್ನು. ನಾನು ಸಾಕು ಅಂದ್ರೆ ಅದು ಕೇಳತ್ತೆ."

ಅವಳು ತಮಾಷೆ ಮಾಡುತ್ತಿದ್ದಳೋ, ತನ್ನನ್ನೇ ಚುಚ್ಚಿಕೊಳ್ಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಆಯಿತು ಎಂದು ಎದ್ದುಬಂದೆ.

ಲ್ಯಾಬಿಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಮೇಷ್ಟ್ರು ನನ್ನ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದರು. ನಾಲ್ಕೂ ಎಳೆಗಳು ಎಳೆಯುತ್ತಲೇ ಇದ್ದವು.

"ಒಂದೂ ಸೋತಿಲ್ಲ ನೋಡಿ. ಕೊನೇ ಹಿಂಡು ಕೊಟ್ಟು ಮುಗಿಸಿಬಿಡೋಣ್ವಾ?" ಎಂದರು.

ನಮ್ಮಲ್ಲಿ ಪ್ರತಿ ಪ್ರಯೋಗದ ಕೊನೆಗೆ ನೀರಿಗೆ ಪೊಟ್ಯಾಸಿಯಂ ಸುರಿಯುತ್ತೇವೆ. ಎಳೆ ತನ್ನ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಒಮ್ಮೆ ಸೆಟೆದು ಬಿಗಿಯುತ್ತದೆ. ಅದಕ್ಕೆ ಕೊನೆಯ ಹಿಂಡು ಎನ್ನುತ್ತೇವೆ. ಅದಕ್ಕೆ ಹೋಲಿಸಿಯೇ ಮಿಕ್ಕ ಎಳೆತಗಳ ಬಲ ಅಳೆಯುವುದು. ಅದಿಲ್ಲದಿದ್ದರೆ ಇಡೀ ದಿನದ ಕೆಲಸ ನೀರಿನಲ್ಲಿ ಹೋಮ. ಪೊಟ್ಯಾಸಿಯಮ್ಮಿನ ಬಾಟಲಿ ಕೈಗೆಟುಕುವಲ್ಲೇ ಇತ್ತು.

"ಕೊಡಲ್ಲ ಸರ್" ಎಂದೆ.

"ಹಾಗಾದ್ರೆ ಇದು ಲೆಕ್ಕಕ್ಕೆ ಬರಲ್ಲ."

"ಬರದೇ ಇರ್ಲಿ. ಅವಳನ್ನ ನಿನ್ನೆಯಿಂದ ಸಾಕಷ್ಟು ಹಿಂಡಿದಾರೆ."

ಮೇಷ್ಟ್ರು ನನ್ನ ಮುಖ ನೋಡಿದರು. ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡು, ದೀಪ ಆರಿಸಿ ಹೋಗಿ ಎಂದಷ್ಟೇ ಹೇಳಿ ಹೊರಟರು.

ನಾನು ಒಬ್ಬಳೇ ಉಳಿದೆ. ಗಿಡದ ಹತ್ತಿರ ಮಾತಾಡುವವರನ್ನು, ಕಾರಿಗೆ ಹೆಸರಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಬಾಗಿಲ ಕಡೆ ಒಮ್ಮೆ ನೋಡಿ, ಕೊಳವೆಗಳ ಹತ್ತಿರ ಬಾಗಿದೆ.

"ಮಗು ಬಂತು" ಎಂದೆ. "ಹೆಣ್ಣು. ಚೆನ್ನಾಗಿದೆ. ಕುಳ್ಳಿ ಹೇಳಿದಾಳೆ, ಸಾಕಂತೆ."

ಗಾಳಿಗುಳ್ಳೆಗಳು ಗುಳುಗುಳು ಎನ್ನುತ್ತಿದ್ದವು. ಕಾದೆ. ಮೊದಲ ಗೆರೆ ಮೇಲೆದ್ದಿತು. ಅದೇ ಎತ್ತರ, ಅದೇ ಗಟ್ಟಿ. ಅದು ಇಳಿಯುವಷ್ಟರಲ್ಲಿ ಮೂರನೆಯದು ಎದ್ದಿತು.

"ಸಾಕು" ಎಂದೆ, ಸ್ವಲ್ಪ ಜೋರಾಗಿ. ಎರಡನೆಯದೂ ನಾಲ್ಕನೆಯದೂ ಒಟ್ಟಿಗೇ ಎದ್ದವು.

ನಾನು ಫೋನು ತೆಗೆದೆ. ಕುಳ್ಳಿಯೇ ಎತ್ತಿದಳು.

"ಹೇಳಿದೆ" ಎಂದೆ.

"ಏನಂತು?"

"ಸಾಕು ಅಂದೆ. ನಿನ್ನ ಹೆಸರು ಹೇಳೇ ಅಂದೆ. ಕೇಳ್ಲಿಲ್ಲ. ಇನ್ನೂ ಎಳೀತಿದೆ."

ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡು ಮತ್ತೆ ಹೇಳಿದೆ.

"ಕುಳ್ಳಿ, ಅದು ಸಾಕು ಅಂದ್ರೆ ನಿಲ್ಲೋ ಜಾತಿಯೇ ಅಲ್ಲ ಕಣೆ. ನಿನ್ನೆ ನೀನು ಅಂದಿದ್ದೂ ಅದಕ್ಕೆ ಕೇಳಿಸಿರಲ್ಲ."

"ನಿಜವಾಗ್ಲೂ?"

ಸುಳ್ಳು ಹೇಳಬೇಡ ಎಂದಿದ್ದಳು. ಕೊಳವೆಯೊಳಗಿನ ಎಳೆಗೆ ಕಿವಿಯಿಲ್ಲ, ಹೆದರಿಕೆಯಿಲ್ಲ, ಅಡ್ರಿನಲಿನ್ ಇಲ್ಲ. ಅದು ನಿಲ್ಲದೇ ಇದ್ದದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಾನು ಹೇಳಿದ್ದರಲ್ಲಿ ಕಣ್ಣಾರೆ ಕಾಣದ್ದು ಏನಿತ್ತು? ನಾನು ಹೇಳುತ್ತಿರುವುದು ಸುಳ್ಳೋ ನಿಜವೋ ನನಗೇ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.

"ನಿಜವಾಗ್ಲೂ" ಎಂದೆ. "ಈಗ ಮತ್ತೆ ಎದ್ದಿತು ನೋಡು, ಮೊದಲನೇದು."

ಅವಳು ಮೂಗೆಳೆದುಕೊಂಡದ್ದು ಕೇಳಿಸಿತು. ಆಮೇಲೆ ನಗು, ನಗುವಿನ ಹಿಂದೆಯೇ ಹೊಲಿಗೆ ಎಳೆದದ್ದಕ್ಕೆ ಅಯ್ಯಮ್ಮ ಎಂಬ ನರಳು. ಫೋನನ್ನು ಎಲ್ಲೋ ಹಾಸಿಗೆಯ ಮೇಲೆ ಇಟ್ಟಳೆಂದು ತೋರುತ್ತದೆ, ಅವಳ ದನಿ ದೂರವಾಯಿತು. ಆದರೂ ಸ್ಪಷ್ಟವಾಗಿ ಕೇಳಿಸಿತು.

"ಕೇಳಿದ್ಯೇನೇ ಪುಟ್ಟಿ," ಎನ್ನುತ್ತಿದ್ದಳು, "ನಿನ್ನ ದೊಡ್ಡಮ್ಮ ಏನಂತಾಳೆ ಅಂತ?"